ಯೂಕಿಯ ಮೂಲಂಗಿ ಯಾರದು?

ಪ್ರಾಂತ್ಯದ ತರಕಾರಿ ಚೀಟಿ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಹೆಸರನ್ನು ಮೂಲಂಗಿಯ ಚೀಟಿಯ ಮೇಲೆ ಬರೆದದ್ದು ಅಪರಾಧವೆಂದು ನೀವು ಕಳಿಸಿದ ನೋಟಿಸು ತಲುಪಿದೆ. ತಿಂಗಳ ಕೊನೆಯೊಳಗೆ ಚೀಟಿ ಕೀಳದಿದ್ದರೆ ಹೆದ್ದಾರಿ ಬದಿಯ ರೈತರ ಮಳಿಗೆಯಲ್ಲಿ ನಮ್ಮ ಕಪಾಟು ಹೋಗುತ್ತದಂತೆ. ನಾವು ಬೆಳೆದದ್ದು ಮಾರಾಟವಾಗುವ ಜಾಗ ಅದೊಂದೇ. ಕಚೇರಿಗೇ ಬರೆದರೆ ನನ್ನ ಉತ್ತರ ಯಾವ ಕಡತದ ಅಡಿಗೆ ಬೀಳುತ್ತದೋ ಎಂಬ ಭಯಕ್ಕೆ ಪತ್ರಿಕೆಗೆ ಬರೆಯುತ್ತಿದ್ದೇನೆ. ನನ್ನ ಅಕ್ಷರ ತಪ್ಪುಗಳನ್ನು ಸಂಪಾದಕರು ತಿದ್ದಿರುತ್ತಾರೆ; ದಯವಿಟ್ಟು ಅದನ್ನೂ ವಂಚನೆ ಎನ್ನಬೇಡಿ.

ಅಪ್ಪ ಇದ್ದಿಲು ಸುಡುತ್ತಾ ಬೆಟ್ಟದಿಂದ ಬೆಟ್ಟಕ್ಕೆ ಅಲೆದವರು. ನನ್ನ ಶಾಲೆಯೂ ಅವರ ಜೊತೆ ಅಲೆದು ಎಲ್ಲೋ ಕಳೆದುಹೋಯಿತು. ಚೀನೀ ಲಿಪಿಯ ದೊಡ್ಡ ಅಕ್ಷರಗಳು ನನಗೆ ಒಲಿಯಲಿಲ್ಲ. ಮಕ್ಕಳು ಮೊದಲು ಕಲಿಯುವ ಕನಾ ಅಕ್ಷರಗಳಷ್ಟೇ ಗೊತ್ತು. ಮಗಳು ಹುಟ್ಟಿದಾಗ, ಅವಳ ಹೆಸರಾದರೂ ನನ್ನ ಕೈಯಲ್ಲಿ ಬರೆಯುವಂತಿರಲಿ ಎಂದು ಕನಾದಲ್ಲೇ ‘ಯೂಕಿ’ ಎಂದು ನೋಂದಾಯಿಸಿದೆವು. ಸರ್ಕಾರ ಮೊಹರು ಒತ್ತಿತು. ಕನಾ ಉಚ್ಚಾರವನ್ನಷ್ಟೇ ತೋರಿಸುತ್ತದೆ, ಅರ್ಥವನ್ನಲ್ಲ; ಹಾಗೆ ಬರೆದರೆ ಅದು ‘ಧೈರ್ಯ’ವೂ ಆಗುತ್ತದೆ, ‘ಸಾವಯವ’ವೂ ಆಗುತ್ತದೆ. ಆಗ ನಮ್ಮ ಕಣಿವೆಯಲ್ಲಿ ಸಾವಯವ ಎಂಬ ಮಾತು ಕೇಳಿದವರು ಯಾರಿದ್ದರು? ನಾನು ಧೈರ್ಯ ಮಾರುತ್ತಿದ್ದೇನೆಂದಂತೂ ನನ್ನ ಮುಖ ನೋಡಿ ಇವತ್ತಿನವರೆಗೆ ಯಾರೂ ಅನುಮಾನಪಟ್ಟಿಲ್ಲ.

ಈಗ ಬೆಳೆಯುವವಳು ಯೂಕಿ, ಚೀಟಿ ಬರೆಯುವವಳು ನಾನು. ‘ಯೂಕಿಯ ಮೂಲಂಗಿ’, ‘ಯೂಕಿಯ ಸೊಪ್ಪು’. ಕಳೆದ ನವೆಂಬರಿನಲ್ಲಿ ಮಳಿಗೆಗೆ ಒಬ್ಬರು ಬಂದರು. ಅವರ ಬೂಟಿನಲ್ಲಿ ಒಂದು ಚೂರೂ ಕೆಸರಿರಲಿಲ್ಲ. ಆಗಲೇ ನನಗೆ ಎಚ್ಚರವಾಗಬೇಕಿತ್ತು.

“ಏನಮ್ಮಾ, ಇದು ಯೂಕಿದಾ?”

“ಹೂಂ ಸ್ವಾಮಿ, ಯೂಕಿದೇ.”

“ಖಂಡಿತಾನಾ?”

“ಹೆತ್ತೋಳು ನಾನು, ನಂಗೊತ್ತಿಲ್ವಾ?”

ಅವರು ಪುಸ್ತಕದಲ್ಲಿ ಗೀಚಿಕೊಂಡು ಹೋದರು. ಒಂದು ಮೂಲಂಗಿಯನ್ನೂ ಕೊಳ್ಳಲಿಲ್ಲ. ‘ಪ್ರಮಾಣಪತ್ರವಿಲ್ಲದ ಸರಕನ್ನು ಸಾವಯವವೆಂದು ಮಾರಾಟಗಾರರು ಬಾಯಿಮಾತಿನಲ್ಲೂ ದೃಢಪಡಿಸಿದ್ದಾರೆ’ ಎಂದು ನಿಮ್ಮ ನೋಟಿಸಿನಲ್ಲಿರುವುದನ್ನು ಮಗಳು ಓದಿ ಹೇಳಿದಳು. ಅಂದಿನಿಂದ ಗಿರಾಕಿಗಳ ಮುಖ ನೋಡುವ ಮೊದಲು ಬೂಟು ನೋಡುತ್ತೇನೆ.

ಯಾರೋ ದೂರು ಕೊಟ್ಟಿದ್ದಾರಂತೆ; ಯಾರೆಂದು ಕೇಳಿದರೆ ಹೇಳುವುದಿಲ್ಲ ಎನ್ನುತ್ತೀರಿ. ಹಾಗಾಗಿ ಎಲ್ಲರ ಮೇಲೂ ಗುಮಾನಿ. ಪಕ್ಕದ ಕಪಾಟಿನಾಕೆ “ಇವತ್ತು ಮಂಜು ಜಾಸ್ತಿ ಅಲ್ವಾ” ಎಂದರೂ ಇದರಲ್ಲೇನೋ ಇದೆ ಅನ್ನಿಸುತ್ತದೆ. ಆಕೆ ಕೊಟ್ಟ, ಸಾರಿಗೆ ಹಾಕುವ ಮಿಸೊ ಡಬ್ಬಿಯನ್ನು ಇನ್ನೂ ತೆರೆದಿಲ್ಲ. ಇದು ನಿಮ್ಮ ಕಚೇರಿಯ ಕೊಡುಗೆ.

ಮಳಿಗೆಯ ಮೇಲ್ವಿಚಾರಕ ಹೊರಿಗೊಮೆಯವರು ಒಂದು ದಾರಿ ಹೇಳಿದರು. “ಯೂಕಿ, ಚೀಟಿಲಿ ಬೇರೆ ಹೆಸರು ಹಾಕ್ಬಿಡಮ್ಮ. ಹನಾಕೊ ಅಂತಲೋ ಏನೋ.”

“ನಿಮ್ಮ ಹೆಸರೇ ಹಾಕ್ಲಾ ಹೊರಿಗೊಮೆಯವ್ರೇ?” ಎಂದಳು ಮಗಳು. “ಎಲೆ ತೂತಾದ್ರೆ ಗಿರಾಕಿಗಳು ನಿಮ್ಮನ್ನೇ ಬೈಯ್ಲಿ.”

ಎಲೆಯಲ್ಲಿ ತೂತು ಇದ್ದೇ ಇರುತ್ತದೆ, ಮಾನ್ಯರೇ. ಅವಳು ಔಷಧಿ ಹೊಡೆಯುವುದಿಲ್ಲ. ಇಬ್ಬನಿ ಆರುವ ಮೊದಲು ಊಟದ ಕಡ್ಡಿಗಳಲ್ಲಿ ಒಂದೊಂದೇ ಹುಳು ಹೆಕ್ಕುತ್ತಾಳೆ. ಗೊಬ್ಬರ ಎಂದರೆ ತರಗೆಲೆ, ಅಕ್ಕಿ ತೌಡು. ಮತ್ತೆ ಪ್ರಮಾಣಪತ್ರ ಏಕಿಲ್ಲ ಎನ್ನುತ್ತೀರಾ? ಆ ಅರ್ಜಿ ಮನೆಯಲ್ಲೇ ಇದೆ. ಏಳು ತುಂಡು ಹೊಲಕ್ಕೆ ಏಳು ದಾಖಲೆ. ನಾವು ಏನೇನು ಮಾಡಲಿಲ್ಲ ಎಂಬುದನ್ನು ದಿನದಿನವೂ ಬರೆದಿಡಬೇಕು. ಅವನ್ನೆಲ್ಲ ಮಾಡದೇ ಬೆಳೆಯುವುದರಲ್ಲೇ ಅವಳಿಗೆ ಸಂಜೆಯಾಗುತ್ತದೆ, ಬರೆಯುವುದು ಯಾವಾಗ? ನನಗೆ ಆ ಅಕ್ಷರಗಳು ಬರುವುದಿಲ್ಲ. ಚೀಟಿಯ ಕೆಳಗೆ ‘ಇದು ಮಗಳ ಹೆಸರು’ ಎಂದು ಸೇರಿಸುತ್ತೇನೆ ಎಂದು ಫೋನಿನಲ್ಲಿ ಬೇಡಿಕೊಂಡೆ. “ಗೊಂದಲ ಉಳಿಯುತ್ತೆ ಕಣಮ್ಮಾ” ಎಂದರು ನಿಮ್ಮವರು. ಗೊಂದಲ ಯಾರಿಗೆ? ಕೊಳ್ಳುವವರೆಲ್ಲ “ಯೂಕಿ ಹೇಗಿದ್ದಾಳೆ?” ಎಂದೇ ಕೇಳುತ್ತಾರೆ.

ಸಾವಯವ ಎಂಬ ಪದ ನಿಮ್ಮ ಬಳಿಯೇ ಇರಲಿ, ನನಗೆ ಬೇಡ. ನಾನು ಕೇಳುವುದು ಇಷ್ಟೇ: ತಿಂಗಳು ಮುಗಿಯುವ ಮೊದಲು ಆ ಬೂಟಿನವರನ್ನು ನಮ್ಮ ಹೊಲಕ್ಕೆ ಕಳಿಸಿ. ಕೆಳಗೆ ಮೂಲಂಗಿ ಕೀಳುತ್ತಿರುವವಳನ್ನು ಅವರು ಬದುವಿನ ಮೇಲೆ ನಿಂತು ಒಮ್ಮೆ ಹೆಸರು ಹಿಡಿದು ಕೂಗಲಿ. ಯಾರು ತಲೆ ಎತ್ತಿ ನೋಡುತ್ತಾರೋ ಅದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಇಂತಿ,
ಊರಿನವರೆಲ್ಲ ಮೂವತ್ತೆಂಟು ವರ್ಷದಿಂದ ಕರೆಯುವಂತೆ,
ಯೂಕಿಯ ಅಮ್ಮ
(ಈ ಸಹಿಗೂ ಪ್ರಮಾಣಪತ್ರ ಬೇಕಿದ್ದರೆ ಕನಾ ಅಕ್ಷರದಲ್ಲಿ ತಿಳಿಸಿ)