ಇಪ್ಪತ್ತೊಂದಕ್ಕೆ ಇಪ್ಪತ್ತು

ಭಾಲ್ಕಿ
೯ ಫೆಬ್ರುವರಿ ೨೦೨೫, ರವಿವಾರ

ಭಾಲಚಂದ್ರರಾವ್ ಅವರಿಗೆ ಅಲಕಾಳ ನಮಸ್ಕಾರಗಳು.

ಇಪ್ಪತ್ತಾರು ವರ್ಷ ‘ಏನ್ರಿ’ ಎಂದಷ್ಟೇ ಕರೆದ ಗಂಡನ ಹೆಸರನ್ನು ಹೀಗೆ ಬರೆಯುವಾಗ ನಗು ಬರುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಎರಡನೇ ಮಾತಿಗೇ ದನಿ ಏರಿಸುತ್ತೇನೆ, ನೀವು ಇಟ್ಟುಬಿಡುತ್ತೀರಿ. ಪತ್ರವನ್ನಾದರೆ ಕೊನೆತನಕ ಓದುತ್ತೀರಿ.

ನನ್ನ ಬಿ.ಪಿ. ನೀವು ಇಲ್ಲಿದ್ದಾಗಲೇ ಶುರುವಾದದ್ದು. ನೀವು ಔರಾದಿಗೆ ಹೋದ ಮೇಲೆ ಒಂದು ಗುಳಿಗೆ ಮೂರಾಯಿತು, ಬಿ.ಪಿ. ಮಾತ್ರ ಇಳಿಯಲಿಲ್ಲ. ಹೋದ ತಿಂಗಳು ಬೀದರಿನಲ್ಲಿ ಭಕ್ತಿ ಎಂಬ ಹೊಸ ಡಾಕ್ಟರಿಗೆ ತೋರಿಸಿದೆ. ನನ್ನ ಕೈಯಲ್ಲಿ ಕಲಿತವರ ವಯಸ್ಸಿನ ಹುಡುಗಿ. ಮೊದಲು ನಿದ್ದೆಯ ಬಗ್ಗೆ ಒಂದು ಹಾಳೆ ಕೊಟ್ಟು ತುಂಬಲು ಹೇಳಿದಳು. ಏಳು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಗಣಿತದ ಟೀಚರು ಅಂಕ ಕಂಡರೆ ಬಿಡುವುದುಂಟೇ? ನನಗೆ ಛಲೋ ನಿದ್ದೆ ಬರುತ್ತದೆ ಎಂದು ತೋರಿಸಬೇಕಿತ್ತು. ಎಲ್ಲದಕ್ಕೂ ಮೂರು ಮೂರು ಹಾಕಿದೆ. ಅನುಮಾನ ಬರಬಾರದೆಂದು ಒಂದಕ್ಕೆ ಮಾತ್ರ ಎರಡು.

ಡಾಕ್ಟರ್ ಕೂಡಿಸಿ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡಳು. “ಟೀಚರ್, ಸೊನ್ನಿ ಅಂದ್ರ ಛಲೋ ನಿದ್ದಿರಿ. ಮೂರು ಅಂದ್ರ ನಿದ್ದಿನೇ ಇಲ್ಲ. ಎಷ್ಟು ದಿನದಿಂದ ಹಿಂಗ ಅದರಿ?” ಎಂದಳು.

ಮೊದಲು ಸೂಚನೆ ಓದಿರಿ ಎಂದು ಪ್ರತಿ ಪರೀಕ್ಷೆಗೂ ಮಕ್ಕಳ ತಲೆ ತಿನ್ನುವವಳು ನಾನು. ಹಾಳೆಯ ಮೇಲಿನ ಎರಡು ಸಾಲು ಓದಿರಲೇ ಇಲ್ಲ. ತಪ್ಪಾಯಿತು, ಬೇರೆ ಹಾಳೆ ಕೊಡಿ ಎನ್ನಬಹುದಿತ್ತು. ಆದರೆ ಸುಳ್ಳು ಬರೆಯಲು ಹೋಗಿ ಬರೆದದ್ದೆಲ್ಲ ನಿಜವೇ ಆಗಿತ್ತು. ಅಲ್ಲೇ ಅತ್ತುಬಿಟ್ಟೆ.

ಬಿ.ಪಿ. ಜೊತೆಗೆ ಖಿನ್ನತೆಯೂ ಇದೆಯಂತೆ. ನಿದ್ದೆ ಕೆಟ್ಟರೆ ಎರಡೂ ಹದಗೆಡುತ್ತವಂತೆ. ದಿನಕ್ಕೆ ಆರು ಪಿರಿಯಡ್ ತೆಗೆದುಕೊಳ್ಳುವ ಹೆಂಗಸಿಗೆ ಎಂಥ ಖಿನ್ನತೆ ಎಂದು ವಾದಿಸಿದೆ. ಅಂಥವರಿಗೇ ತಡವಾಗಿ ಗೊತ್ತಾಗುತ್ತದೆ ಎಂದಳು.

ಇದನ್ನು ನೀವು ಆಚೆ ವರ್ಷದ ದೀಪಾವಳಿಗೇ ಹೇಳಿದ್ದಿರಿ. ರಾತ್ರಿ ಮೂರು ಗಂಟೆಗೆ ಅಡುಗೆಮನೆಯಲ್ಲಿ ಸುಮ್ಮನೆ ಕುಳಿತವಳನ್ನು ನೋಡಿ, ಮನಸ್ಸಿನ ಡಾಕ್ಟರಿಗೆ ತೋರಿಸೋಣ ಎಂದಿರಿ. ನನ್ನನ್ನು ಹುಚ್ಚಿ ಅನ್ನುತ್ತೀರಾ ಎಂದು ಜಗಳ ತೆಗೆದವಳು, ನಿಮ್ಮ ಹಾಸಿಗೆ ಸುತ್ತಿ ಹೊರಗಿಟ್ಟವಳು ನಾನೇ. ನೀವು ಔರಾದಿನ ಪಶು ಆಸ್ಪತ್ರೆಗೆ ವರ್ಗ ಕೇಳಿಕೊಂಡು ಹೋದಿರಿ. ತಪ್ಪು ನನ್ನದು. ಪೆನ್ನಿನಲ್ಲೇ ಬರೆದಿದ್ದೇನೆ, ಬೇಕಾದರೆ ಎತ್ತಿಡಿ.

ಗಾಬರಿಯಾಗಬೇಡಿ. ಹೊಸ ಗುಳಿಗೆ ಶುರುವಾಗಿ ಮೂರು ವಾರವಾಯಿತು. ಸಂಜೆಯ ಚಹಾ ಬಿಟ್ಟಿದ್ದೇನೆ, ದಿನಾ ಒಂದೇ ಹೊತ್ತಿಗೆ ಮಲಗುತ್ತೇನೆ. ಮೊನ್ನೆ ಐದು ತಾಸು ನಿದ್ದೆ ಬಂತು. ನಾನು ಗುಣವಾಗುತ್ತೇನೆ, ಅದರಲ್ಲಿ ಸಂಶಯವಿಲ್ಲ.

ಈಗ ಕೆಲಸದ ಮಾತು. ಆ ಹಾಳೆಯ ಹಿಂಬದಿ ಇನ್ನೂ ಖಾಲಿ ಇದೆ. ಗೊರಕೆ, ನಡುವೆ ಉಸಿರು ನಿಲ್ಲುವುದು, ಕಾಲು ಜಾಡಿಸುವುದು ಇವನ್ನೆಲ್ಲ ಅದೇ ಕೋಣೆಯಲ್ಲಿ ಮಲಗುವವರು ನೋಡಿ ಬರೆಯಬೇಕು. ಎಮ್ಮೆ ಮೆಲುಕು ಹಾಕಿದ್ದನ್ನೂ ವಹಿಯಲ್ಲಿ ಬರೆದಿಡುವ ನಿಮಗೆ ಇದೇನೂ ಕಷ್ಟವಲ್ಲ. ಶನಿವಾರ ಸಂಜೆಯ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಮನೆಯಲ್ಲಿರುತ್ತೀರಿ.

ನಿಮ್ಮ
ಅಲಕಾ

ತಾ.ಕ.: ಆ ಪುಟ ಖಾಲಿ ಬಿಟ್ಟರೂ ನಡೆಯುತ್ತದೆ ಎಂದು ಡಾಕ್ಟರ್ ಹೇಳಿದ್ದಾಳೆ. ನನಗೆ ನಡೆಯುವುದಿಲ್ಲ.