ಕಲಿಮೆತೆ ಎಂದ ಬಾಯಿ

ಮಾರ್ಚ್ ೧೪, ಗುರುವಾರ. ಸಾನ್ ಹುವಾನ್.

ಹನ್ನೊಂದು ವರ್ಷ ಈ ಪೋರ್ಟೊ ರಿಕೊದಲ್ಲಿ ನಾಲಿಗೆಯನ್ನು ಹದ್ದುಬಸ್ತಿನಲ್ಲಿಟ್ಟುಕೊಂಡಿದ್ದೆ. ಇವತ್ತು ಜ್ಯೂಸ್ ಅಂಗಡಿಯಲ್ಲಿ ಒಂದೇ ಮಾತಿಗೆ ಸಿಕ್ಕಿಬಿದ್ದೆ. ಸ್ಟ್ರಾಗೆ ಇಲ್ಲಿಯವರು ‘ಸೊರ್ಬೆತೊ’ ಅನ್ನುತ್ತಾರೆ. ನಾನು ನಮ್ಮ ಡೊಮಿನಿಕನ್ ಮಾತಿನಲ್ಲಿ ‘ಕಲಿಮೆತೆ ಕೊಡಿ’ ಅಂದುಬಿಟ್ಟೆ.

ಅಂಗಡಿಯ ಎಫ್ರಾಯಿನ್ ಹಲ್ಲು ಕಿರಿದ. “ಓಹೋ, ಅಕ್ಕಾವ್ರು ಆಚೆ ದಡದೋರಾ! ಯಾವ ದೋಣೀಲಿ ನುಸುಳ್ಕೊಂಡ್ ಬಂದ್ರಿ?”

ಸಾಲಿನಲ್ಲಿದ್ದವರೆಲ್ಲ ನಕ್ಕರು.

“ನಿಮ್ಮಜ್ಜಿ ಬಂದ ದೋಣೀಲೇ ಕಣಯ್ಯಾ” ಅಂದು ಜ್ಯೂಸನ್ನು ಅಲ್ಲೇ ಬಿಟ್ಟು ಬಂದೆ.

ಮೈ ಇನ್ನೂ ಉರಿಯುತ್ತಿದೆ. ಅಕ್ಕಪಕ್ಕದ ದ್ವೀಪ, ಅದೇ ಸ್ಪ್ಯಾನಿಷ್. ಆದರೂ ಒಂದು ಪದ ಸಿಕ್ಕರೆ ಸಾಕು, ಮೂಸಿ ನೋಡಿ ದೂರ ತಳ್ಳುತ್ತಾರೆ. ನಾಚಿಕೆಗೆಟ್ಟವರು!

ಇಷ್ಟು ಬರೆಯುವಾಗ ಹಾಳಾದ್ದು ಮಿಲೂಸ್ ನೆನಪಾದಳು. ನಮ್ಮೂರಿಗೆ ಕಡಲೆಮಿಠಾಯಿ ಹೊತ್ತು ತರುತ್ತಿದ್ದ, ಗಡಿಯಾಚೆಯ ಹೈಟಿಯ ಹೆಂಗಸು. ಹೈಟಿಯವರ ನಾಲಿಗೆಗೆ ನಮ್ಮ ‘ರ’ ಹೊರಳುವುದಿಲ್ಲ. ಹುಡುಗಿಯರೆಲ್ಲ ಸುತ್ತುವರಿದು, “‘ಪೆರೆಹಿಲ್’ ಅನ್ನೇ, ಆಮೇಲ್ ತಗೋತೀವಿ” ಅನ್ನುತ್ತಿದ್ದೆವು. ಅಜ್ಜನ ಕಾಲದಲ್ಲಿ ಕೊತ್ತಂಬರಿಯಂಥ ಆ ಸೊಪ್ಪಿನ ಹೆಸರು ಹೇಳಲು ಬಾರದ ಹೈಟಿಯವರನ್ನು ನಮ್ಮ ಸೈನಿಕರು ಕಡಿದು ಹಾಕಿದ್ದರು. ಗೊತ್ತಿತ್ತು ನಮಗೆ.

ಅವಳು ಬುಟ್ಟಿ ಬಿಟ್ಟು ಹೋಗುವಂತಿರಲಿಲ್ಲ. ಮತ್ತೆ ಮತ್ತೆ ಹೇಳಲು ನೋಡುತ್ತಿದ್ದಳು.

ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ.