ಕೈ ತೋರಿಸದ ಮುಖ್ಯಸ್ಥರು

ಮಾನ್ಯ ಫೆನ್ವಿಕ್ ಅವರಿಗೆ, ವೇಲ್ಸಿನ ಬೆಟ್ಟದ ಮಾರ್ಗದಿಂದ ವಂದನೆಗಳು.

ನಮ್ಮ ರೈಲುಗಳನ್ನು ಏಳು ವರ್ಷ ನಡೆಸುವ ಗುತ್ತಿಗೆ ನಿಮ್ಮ ಕಂಪನಿಗೆ ಸಿಕ್ಕಿದ್ದಕ್ಕೆ ಅಭಿನಂದನೆ. ಮಂಗಳವಾರ ನೀವು ತಪಾಸಣೆಗೆ ಬಂದು ಪೆಂಟ್ರೆಗ್ಲಾಸ್ ನಿಲ್ದಾಣದಲ್ಲಿ ನಿಂತಿದ್ದರೂ ನಾನು ರೈಲು ನಿಲ್ಲಿಸಲಿಲ್ಲವೇಕೆ ಎಂದು ಕೇಳಿದ್ದೀರಿ. ಅಲ್ಲಿ ಕೈ ತೋರಿಸಿದವರಿಗೆ ಮಾತ್ರ ರೈಲು ನಿಲ್ಲುತ್ತದೆ. ನಾನು ಕಂಡ ನಾಲ್ಕನೇ ಕಂಪನಿ ನಿಮ್ಮದು. ಕಂಪನಿ ಬದಲಾದಂತೆ ನನ್ನ ಸಮವಸ್ತ್ರದ ಕೋಟಿನ ಬಣ್ಣ ಬದಲಾಗುತ್ತಲೇ ಬಂದಿದೆ, ಈ ಪದ್ಧತಿ ಬದಲಾಗಿಲ್ಲ.

ಪ್ಲಾಟ್‌ಫಾರ್ಮಿನ ಹೂಕುಂಡಗಳಿಗೆ ನೀರು ಹಾಕುತ್ತಿದ್ದ ಬೆಡೋ ಅಜ್ಜಿ, "ಕೈ ತೋರ್ಸಪ್ಪಾ, ಇಲ್ದಿದ್ರೆ ಅವನು ನಿಲ್ಸಲ್ಲ" ಅಂದರಂತೆ.

"ಈ ರೈಲು ಓಡ್ಸೋ ಕಂಪನಿಗೇ ನಾನು ಮುಖ್ಯಸ್ಥ, ಅಜ್ಜಿ" ಅಂದಿರಂತೆ ನೀವು.

"ಹಣೇಲಿ ಬರ್ಕೊಂಡಿದ್ಯಾ ಅದನ್ನ? ತೋರ್ಸು ಕೈನ!" ಎಂದು ಅವರು ಗದರುವಷ್ಟರಲ್ಲಿ ನಾನು ದಾಟಿಯಾಗಿತ್ತು.

ಎರಡು ಗಂಟೆಗಳ ನಂತರ ನಾನು ಮರಳಿ ಬಂದಾಗ ನೀವು ಎರಡೂ ಕೈ ಬೀಸುತ್ತಿದ್ದಿರಿ. ಮೀಸೆಯಲ್ಲಿ ಅಜ್ಜಿಯ ಕೇಕಿನ ಪುಡಿ ಇತ್ತು.

ಒಂದೇ ಒಂದು ಕೋರಿಕೆ. ಪೆಂಟ್ರೆಗ್ಲಾಸ್‌ನಲ್ಲಿ ಯಾರೂ ರೈಲು ಹತ್ತುವುದಿಲ್ಲ, ಆದ್ದರಿಂದ ಅದನ್ನು ಮುಚ್ಚಬಹುದು ಎಂದು ನಿಮ್ಮ ಯೋಜನೆಯಲ್ಲಿ ಬರೆದಿದೆಯಂತೆ. ದಯವಿಟ್ಟು ಆ ಸಾಲನ್ನು ತಿದ್ದಿ. ಮಂಗಳವಾರ ಒಬ್ಬರು ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೊಸ ಕೋಟಿಗಾಗಿ ಕಾಯುತ್ತಿರುವ,
ಗ್ವಿಲಿಮ್ ಪ್ರೋಬರ್ಟ್, ಚಾಲಕ